ಅಂಗಳದ ಜಲ್ಲಿಗೆ ಒಂದು ವಂದನಾರ್ಪಣೆ

ವೇದಿಕೆಯ ನಡುವಿನ ದೊಡ್ಡ ಕುರ್ಚಿಯಲ್ಲಿ ಕುಳಿತಿರುವ ಅಧ್ಯಕ್ಷರೇ, ಅವರ ಬಲಕ್ಕೆ ಕುಳಿತಿರುವ, ಟೈಲ್ಸ್ ಕಾರ್ಖಾನೆಯ ಮಾಲೀಕರೂ ಈ ಶಾಲೆಯ ದೊಡ್ಡ ದಾನಿಗಳೂ ಆದ ಮುಖ್ಯ ಅತಿಥಿಗಳೇ, ಎಡಕ್ಕೆ ಕುಳಿತು ನಾನು ಬಾಯಿ ತೆರೆಯುವ ಮೊದಲೇ ಗಡಿಯಾರ ನೋಡಿಕೊಂಡ ನಮ್ಮ ದೊಡ್ಡ ಮೇಡಂ ಅವರೇ, ಗೋಡೆ ಬದಿಗೆ ನಿಂತಿರುವ ಶಿಕ್ಷಕರೇ, ದೂರದೂರದಿಂದ ಬಂದಿರುವ ತಂದೆತಾಯಿಗಳೇ, ಸಭಿಕರೇ, ಮತ್ತು ಮುಂದಿನ ಸಾಲುಗಳನ್ನು ತುಂಬಿಕೊಂಡು ಕೂತಿರುವ ನಮ್ಮ ಮಕ್ಕಳೇ, ನಿಮಗೆಲ್ಲರಿಗೂ ನನ್ನ ವಂದನೆಗಳು.

ಯಾರು ಎಲ್ಲಿ ಕುಳಿತಿದ್ದಾರೆ ಎಂದು ಇಷ್ಟು ವಿವರವಾಗಿ ಹೇಳಿದ್ದಕ್ಕೆ ಹೊಸಬರು ನಗಬಾರದು. ಕಣ್ಣು ಕಾಣದ ಮಕ್ಕಳ ಈ ಶಾಲೆಯಲ್ಲಿ ಅದೊಂದು ಕಟ್ಟಳೆ. ಇಲ್ಲಿ ಮೈಕಿನ ಮುಂದೆ ನಿಂತವರು ಮೊದಲು ಸಭೆಯನ್ನು ಮಕ್ಕಳಿಗೆ ಕಾಣಿಸಬೇಕು, ಆಮೇಲೆ ತಮ್ಮ ಭಾಷಣ. ಅಧ್ಯಕ್ಷರು ಈ ಕಟ್ಟಳೆ ಗೊತ್ತಿಲ್ಲದೆ ನೇರವಾಗಿ ಜ್ಞಾನದ ಮಹತ್ವಕ್ಕೆ ಹೋಗಿಬಿಟ್ಟರು. ಅದಕ್ಕೇ ಮಕ್ಕಳು ಅಷ್ಟು ಹೊತ್ತು ತಮ್ಮತಮ್ಮಲ್ಲೇ ಗುಸುಗುಸು ಮಾಡುತ್ತಿದ್ದದ್ದು, ಅಧ್ಯಕ್ಷರೇ. ಅಶಿಸ್ತಲ್ಲ ಅದು. ನೀವು ಎಲ್ಲಿ ನಿಂತಿದ್ದೀರಿ, ದಪ್ಪಗಿದ್ದೀರೋ ಸಣ್ಣಗಿದ್ದೀರೋ ಎಂದು ವಿಚಾರಿಸಿಕೊಳ್ಳುತ್ತಿದ್ದರು.

ನಾನು ಯಾರು? ನಿರೂಪಣೆ ಮಾಡಿದ ಮೇಷ್ಟ್ರು ನನ್ನನ್ನು ಸಮಾಜಸೇವಕಿ ಎಂದರು. ಆ ಮಾತಿಗೆ ಮಕ್ಕಳು ಕಿಸಕ್ಕೆಂದದ್ದು ನನಗೂ ಕೇಳಿಸಿತು. ಮಕ್ಕಳಿಗೆ ನಾನು ಜಲ್ಲಿ ಅಕ್ಕ. ಹೊರವರ್ತುಲ ರಸ್ತೆಯ ಪಕ್ಕ ಜಲ್ಲಿ ಮಾರುವ ಅಂಗಡಿ ನನ್ನದು. ಅಂಗಡಿ ಎಂದರೆ ಕಪಾಟಿಲ್ಲ, ಬಾಗಿಲಿಲ್ಲ. ಬಯಲಲ್ಲಿ ಕೆಲವು ರಾಶಿ, ಒಂದು ತಗಡಿನ ಶೆಡ್ಡು, ಒಂದು ಟಿಪ್ಪರ್ ಲಾರಿ, ಮತ್ತು ನನ್ನ ಈ ಗಂಟಲು. ಲಾರಿಯ ಸದ್ದಿನ ಮೇಲೆ ಕೂಗಿ ಕೂಗಿ ಅದೂ ಜಲ್ಲಿಯೇ ಆಗಿದೆ. ಇಲ್ಲಿಯ ಸಂಗೀತದ ಟೀಚರ್ ನನ್ನ ಪ್ರಾರ್ಥನೆ ಒಮ್ಮೆ ಕೇಳಿದ ಮೇಲೆ ನನ್ನನ್ನು ವಂದನಾರ್ಪಣೆಗೆ ಮಾತ್ರ ಕರೆಯುವುದೆಂದು ತೀರ್ಮಾನವಾಗಿದೆ.

ವಂದನಾರ್ಪಣೆ ಎಂದರೆ ಏನು? ಸಭಿಕರು ಕಾಲಲ್ಲೇ ಚಪ್ಪಲಿ ಹುಡುಕಿಕೊಳ್ಳುವ ಹೊತ್ತು. ಏನು ಹೇಳಿದರೂ ಯಾರೂ ಕೇಳಿಸಿಕೊಳ್ಳುವುದಿಲ್ಲ ಎಂಬ ಧೈರ್ಯದ ಮೇಲೆಯೇ ನಾನು ಒಪ್ಪಿಕೊಂಡದ್ದು. ನನ್ನ ಮಗಳು ಚೆಂದವಾಗಿ ಬರೆದೂ ಕೊಟ್ಟಿದ್ದಾಳೆ. ಆದರೆ ಈಗ ತಾನೇ ನಮ್ಮ ಮುಖ್ಯ ಅತಿಥಿಗಳು ತಮ್ಮ ಭಾಷಣದ ಕೊನೆಗೆ ಒಂದು ಘೋಷಣೆ ಮಾಡಿದರು. ಮುಂದಿನ ವಾರ್ಷಿಕೋತ್ಸವದೊಳಗೆ ಈ ಅಂಗಳದ ಜಲ್ಲಿಯನ್ನೆಲ್ಲ ತೆಗೆಸಿ, ಗೇಟಿನಿಂದ ಊಟದ ಮನೆಯವರೆಗೆ ತಮ್ಮ ಕಾರ್ಖಾನೆಯ ಟೈಲ್ಸ್ ಹಾಸಿಸಿಕೊಡುವುದಾಗಿ ಹೇಳಿದರು. ಹಿರಿಯರೆಲ್ಲ ಚಪ್ಪಾಳೆ ತಟ್ಟಿದೆವು. ನಾನೂ ತಟ್ಟಿದೆ, ಕೈ ತಾನಾಗಿ ತಟ್ಟಿಬಿಟ್ಟಿತು. ಮುಂದಿನ ಸಾಲುಗಳಿಂದ ಮಾತ್ರ ಸದ್ದೇ ಇರಲಿಲ್ಲ. ಅವರ ಮುಖಗಳನ್ನು ನೋಡಿದ ಮೇಲೆ ಮಗಳು ಬರೆದುಕೊಟ್ಟದ್ದನ್ನು ಓದಲು ನನಗೆ ಮನಸ್ಸು ಬರುತ್ತಿಲ್ಲ. ಅಂಗಳದ ಜಲ್ಲಿ ಹಾಗೇ ಇರಲಿ ಎಂದು ಕೇಳಿಕೊಳ್ಳಲು ನಾನು ಈ ಮೈಕನ್ನು ಸ್ವಲ್ಪ ಹೊತ್ತು ಹಿಡಿದುಕೊಳ್ಳುತ್ತೇನೆ.

ಜಲ್ಲಿ ಮಾರುವವಳು ಜಲ್ಲಿಯ ಪರ ಮಾತಾಡದೆ ಇನ್ನೇನು ಮಾಡುತ್ತಾಳೆ, ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನಿಮಗೆ ಅನ್ನಿಸಬಹುದು. ಅದಕ್ಕಿಂತ ಕೆಟ್ಟದ್ದೂ ಅನ್ನಿಸಬಹುದು. ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಿಲಿಗೆ ಹೋಗಿ ಮೊಳ ಹಾಕಿದರಂತೆ, ಅಂಥ ಹೆಂಗಸು ಇವಳು ಎಂದು. ಅನ್ನಿಸಲಿ. ನಾನು ಹಿತ್ತಿಲಿಗೂ ಹೋಗಿಲ್ಲ, ಎಲ್ಲರ ಎದುರಿಗೇ ಮೊಳ ಹಾಕುತ್ತಿದ್ದೇನೆ. ಮೇಡಂ ಅವರು ಹಿಂದಿನಿಂದ ಕೆಮ್ಮುತ್ತಿದ್ದಾರೆ. ಆ ಕೆಮ್ಮಿನ ಅರ್ಥವೂ ನನಗೆ ಗೊತ್ತು. ಚಿಕ್ಕ ಮಕ್ಕಳು ಮಲಗುವ ಕೋಣೆಯ ಛಾವಣಿ ಸೋರುತ್ತದೆ, ಅದನ್ನು ಸರಿಮಾಡಿಸುವ ಮಾತನ್ನೂ ಈ ಮುಖ್ಯ ಅತಿಥಿಗಳೇ ಕೊಟ್ಟಿದ್ದಾರೆ. ನನ್ನ ನಾಲಿಗೆಯಿಂದ ಅದು ಕೆಟ್ಟರೆ ಮಳೆ ಬೀಳುವುದು ಮಕ್ಕಳ ಹಾಸಿಗೆಯ ಮೇಲೆ. ಅದು ತಿಳಿದೇ ಮಾತಾಡುತ್ತಿದ್ದೇನೆ, ಮೇಡಂ.

ಜಲ್ಲಿ ಎಂದರೆ ಏನು, ಸಭಿಕರೇ? ಕಟ್ಟಡದವರನ್ನು ಕೇಳಿ, ಕಾಂಕ್ರೀಟಿನ ಹೊಟ್ಟೆ ತುಂಬುವ ಸಾಮಾನು ಎನ್ನುತ್ತಾರೆ. ರೈಲಿನವರಿಗೆ ಅದು ಹಳಿಯ ಹಾಸಿಗೆ. ಅಡುಗೆಯವರ ಬಾಯಲ್ಲಿ ಅದರ ಮರಿಗೆ ಹರಳು ಎಂದು ಹೆಸರು. ಅನ್ನದಲ್ಲಿ ಒಂದು ಸಿಕ್ಕಿದರೆ ಆ ದಿನದ ಸಂಸಾರ ಕೆಟ್ಟಿತು. ಡಾಕ್ಟರನ್ನು ಕೇಳಿದರೆ ಹೊಟ್ಟೆಯ ಫೋಟೋ ತೆಗೆಸಿ, ಇಲ್ಲಿದೆ ನೋಡಿ ಹರಳು, ನೀರು ಕುಡಿಯಿರಿ ಎನ್ನುತ್ತಾರೆ. ನಮ್ಮ ಅಧ್ಯಕ್ಷರು ನಗುತ್ತಿದ್ದಾರೆ, ಅವರಿಗೆ ಅನುಭವ ಇರುವ ಹಾಗಿದೆ. ಅಂತೂ ಲೋಕದಲ್ಲಿ ಜಲ್ಲಿಗೆ ಎರಡೇ ಗತಿ. ಒಂದೋ ಸಿಮೆಂಟಿನೊಳಗೆ ಹೂತು ಕಣ್ಮರೆಯಾಗಬೇಕು, ಇಲ್ಲವೋ ಆರಿಸಿ ಎಸೆಯಬೇಕು. ಕಾಲಡಿಯಲ್ಲಿ ಬಿಡಿಬಿಡಿಯಾಗಿ ಉಳಿದರೆ ಅದನ್ನು ಅರ್ಧಕ್ಕೆ ನಿಂತ ಕೆಲಸ ಎನ್ನುತ್ತಾರೆ. ನಮ್ಮ ಮುಖ್ಯ ಅತಿಥಿಗಳೂ ಇವತ್ತು ಗೇಟಿನ ಬಳಿ ಕಾರಿಳಿದು, ಹೊಳೆಯುವ ಬೂಟಿನಲ್ಲಿ ದಪ್ಪ ಜಲ್ಲಿಯ ಮೇಲೆ ಕಾಲಿಟ್ಟು, ಒಮ್ಮೆ ಮುಗ್ಗರಿಸಿದರು. ಪಕ್ಕದಲ್ಲಿ ನಾನೇ ಇದ್ದೆ. ಕಣ್ಣಿರೋ ನನಗೇ ಹೀಗೆ, ಪಾಪ ಈ ಮಕ್ಕಳ ಗತಿ ಏನು ಎಂದು ಅವರು ನೊಂದುಕೊಂಡದ್ದನ್ನು ಈ ಕಿವಿಯಿಂದ ಕೇಳಿದ್ದೇನೆ. ಆ ನೋವು ನಿಜವಾದದ್ದು. ಟೈಲ್ಸ್ ಹುಟ್ಟಿದ್ದು ಕಾರ್ಖಾನೆಯಲ್ಲಲ್ಲ, ಆ ನೋವಿನಲ್ಲಿ. ಅದಕ್ಕೇ ನನಗೆ ಅವರ ಮೇಲೆ ಕೋಪ ಬರುವುದಿಲ್ಲ, ನನ್ನ ಅಣ್ಣನ ನೆನಪು ಬರುತ್ತದೆ.

ನನ್ನ ಅಣ್ಣ ಗಾರೆ ಕೆಲಸದವನು. ನೆಲ ನುಣುಪು ಮಾಡುವುದರಲ್ಲಿ ಅವನನ್ನು ಮೀರಿಸುವವರಿಲ್ಲ ಎಂದು ಬೇರೆಯವರೂ ಹೇಳುತ್ತಾರೆ, ಅವನಂತೂ ದಿನಾ ಹೇಳುತ್ತಾನೆ. ನಮ್ಮ ಯಜಮಾನರು ಅಂದರೆ ಅವನಿಗೆ ಪ್ರಾಣ. ಯಜಮಾನರು ನಮ್ಮ ಟಿಪ್ಪರ್ ಓಡಿಸುತ್ತಿದ್ದವರು. ಅವರ ಕಣ್ಣಿನ ನರ ಒಳಗೊಳಗೇ ಸೋತು, ಮೊದಲು ಸಂಜೆಗಳು ಹೋದವು, ಆಮೇಲೆ ಹಗಲೂ ಹೋಯಿತು. ದೊಡ್ಡ ಆಸ್ಪತ್ರೆಯಲ್ಲಿ ಕೊನೆಯ ಪ್ರಯತ್ನವೆಂದು ಮಲಗಿಸಿಕೊಂಡರು. ಅವರು ಅಲ್ಲಿರುವಾಗ ಅಣ್ಣ ನಮ್ಮ ಮನೆಗೆ ಬಂದ. ಅಂಗಡಿಯ ಪಕ್ಕದ ಮನೆ ನಮ್ಮದು. ಅಂಗಳವೆಂದರೆ ಲಾರಿಯಿಂದ ಚೆಲ್ಲಿದ ಜಲ್ಲಿ, ಹೊಂಡ, ಗುಂಡಿ. ಭಾವ ಇದರಲ್ಲಿ ಹೇಗೆ ನಡೆಯುತ್ತಾರೆ ಎಂದು ಕಣ್ಣಲ್ಲಿ ನೀರು ತಂದುಕೊಂಡ. ಮರುದಿನವೇ ಸಿಮೆಂಟು ಇಳಿಸಿ, ಮೆಟ್ಟಿಲಿನಿಂದ ಗೇಟಿನವರೆಗೆ, ಗೋಡೆಯಿಂದ ಗೋಡೆಗೆ, ಅಂಗಳ ಪೂರ್ತಿ ಗಾರೆ ಹಾಕಿದ. ಮಂಡಿಯೂರಿ ಕೂತು ಕರಣೆಯಿಂದ ತಿಕ್ಕಿ ತಿಕ್ಕಿ ಎಂಥ ನುಣುಪು ಮಾಡಿದನೆಂದರೆ, ಬೆಕ್ಕು ಕೂಡ ಅದರ ಮೇಲೆ ಯೋಚಿಸಿ ಕಾಲಿಡುತ್ತಿತ್ತು. ಓಣಿಯವರೆಲ್ಲ ನೋಡಿಹೋದರು. ನನಗೂ ಹೆಮ್ಮೆಯೇ.

ಯಜಮಾನರು ಮನೆಗೆ ಬಂದ ಮರುದಿನ ನಾನು ಅಂಗಡಿಗೆ ಹೋದೆ. ಅವರು ಒಬ್ಬರೇ ಮೆಟ್ಟಿಲಿಳಿದು ಗೇಟಿನವರೆಗೆ ಹೋಗೋಣವೆಂದು ಹೊರಟಿದ್ದಾರೆ. ಎಷ್ಟು ದೂರ? ಒಂದು ಉಸಿರಿನ ದೂರ. ಅದರ ನಡುವೆ ಎಲ್ಲೋ ದಿಕ್ಕು ತಪ್ಪಿದೆ. ಆ ಕಡೆ ಕಾಲಿಟ್ಟರೂ ಅದೇ ನುಣುಪು, ಈ ಕಡೆ ಇಟ್ಟರೂ ಅದೇ. ನೆಲ ಏನನ್ನೂ ಹೇಳುತ್ತಿಲ್ಲ. ಕೂಗಿ ಕರೆಯಲು ನಾಚಿಕೆ. ನಾನು ಊಟಕ್ಕೆ ಬಂದಾಗ ಸುಡು ಬಿಸಿಲಲ್ಲಿ, ಅಂಗಳದ ನಟ್ಟನಡುವೆ, ಒಂದು ಕೈ ಅರ್ಧ ಎತ್ತಿಕೊಂಡು ನಿಂತಿದ್ದರು.

"ಯಾಕ್ರೀ, ಇಲ್ಯಾಕೆ ನಿಂತಿದ್ದೀರಿ?" ಎಂದೆ.

"ಎಲ್ಲಿ ನಿಂತಿದ್ದೀನಿ ಅಂತ ನೀನೇ ಹೇಳು," ಎಂದರು.

ಒಳಗೆ ಕರೆದುಕೊಂಡು ಹೋದೆ. ಆಮೇಲೆ ಅವರು ಹೊರಗೆ ಬರಲಿಲ್ಲ. ಒಂದು ಮಳೆಗಾಲ ಹೋಯಿತು, ಚಳಿಗಾಲ ಹೋಯಿತು. ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದರು. ನಾನು ಬೈದೆ, ಅತ್ತೆ, ಮಾತು ಬಿಟ್ಟೆ. ಮಾತು ಬಿಟ್ಟದ್ದು ಅವರಿಗೆ ಗೊತ್ತೂ ಆಗಲಿಲ್ಲ, ಅಷ್ಟು ದೂರ ಹೋಗಿಬಿಟ್ಟಿದ್ದರು. ಅಣ್ಣ ಬಂದು ನಡೆಯೋಣ ಬನ್ನಿ ಎಂದು ಕರೆದಾಗ ಒಮ್ಮೆ ಮಾತ್ರ ಬಾಯಿಬಿಟ್ಟರು. ನೆಲ ಬಹಳ ಚೆನ್ನಾಗಿದೆ ಭಾವ, ಅದರ ಮೇಲೆ ನಾನು ಎಲ್ಲಿದ್ದೇನೆ ಎಂಬುದೇ ನನಗೆ ತಿಳಿಯುವುದಿಲ್ಲ ಎಂದರು. ಅವರು ಒಬ್ಬರಿಗೊಬ್ಬರು ಭಾವ ಎಂದೇ ಕರೆಯುವುದು.

ಅಣ್ಣ ಹೊರಟುಹೋದ. ರಜೆಯ ದಿನ ನೋಡಿಕೊಂಡು ಹಾರೆ, ಸುತ್ತಿಗೆ ತಂದು, ತಾನು ಹಾಕಿದ ಗಾರೆಯನ್ನು ತಾನೇ ಒಡೆಯಲು ಕೂತ. ಓಣಿಯವರು ಇವನಿಗೇನು ತಲೆ ಕೆಟ್ಟಿತೇ ಎಂದರು. ಒಡೆಯುವಾಗ ಅವನ ಮುಖ ನೋಡಲು ನನಗೆ ಆಗಲಿಲ್ಲ. ಅಷ್ಟು ಮುದ್ದಿನಿಂದ ತಿಕ್ಕಿದ ನೆಲ ಅದು. ಆದರೂ ಒಂದು ಮೂಲೆಯನ್ನೂ ಉಳಿಸಲಿಲ್ಲ. ಸಂಜೆಗೆ ಹಳ್ಳಕೊಳ್ಳ ಮುಚ್ಚಲಿ ಎಂದು ನಾನು ಒಂದು ಲೋಡ್ ಬೇಬಿ ಜಲ್ಲಿ ಸುರಿಸಿ ಹರಡಿಸಿದೆ. ಬೇಬಿ ಜಲ್ಲಿ ಎಂದರೆ ಕಡಲೆಕಾಳಿನಷ್ಟು ಸಣ್ಣದು. ಯಾವ ಯೋಚನೆಯೂ ಇರಲಿಲ್ಲ, ಅಂಗಡಿಯಲ್ಲಿ ಆ ದಿನ ಅದೇ ಹೆಚ್ಚಿತ್ತು, ಅಷ್ಟೇ.

ಕೆಲವು ದಿನಗಳಾದ ಮೇಲೆ ಒಂದು ಸಂಜೆ ಅಂಗಡಿ ಮುಚ್ಚಿ ಗೇಟು ತೆಗೆದು ಬರುತ್ತಿದ್ದೇನೆ, ಒಳಗಿನಿಂದ ದನಿ ಬಂತು.

"ಎಡಗಾಲು ಯಾಕೆ ಎಳೀತಿದ್ದೀಯ? ಕಾಲಿಗೆ ಏನ್ ಮಾಡ್ಕೊಂಡೆ?"

ಸಭಿಕರೇ, ಆ ವಾರ ನನ್ನ ಪಾದದ ಮೇಲೆ ಲಾರಿಯ ಹಿಂದಿನ ಹಲಗೆ ಬಿದ್ದಿತ್ತು. ಯಾರಿಗೂ ಹೇಳಿರಲಿಲ್ಲ. ಹೇಳುವುದು ಯಾರಿಗೆ? ಅಣ್ಣನಿಗೆ ಕಾಣಲಿಲ್ಲ, ಮಗಳಿಗೆ ಕಾಣಲಿಲ್ಲ, ನಾನು ಕಾಣಿಸಿಕೊಳ್ಳಲೂ ಇಲ್ಲ. ಮದುವೆಯಾದಂದಿನಿಂದ ನಮ್ಮ ಯಜಮಾನರು ನನ್ನ ಕಾಲ ಕಡೆ ಒಮ್ಮೆಯೂ ನೋಡಿದವರಲ್ಲ, ಕಣ್ಣಿದ್ದಷ್ಟು ದಿನ ರಸ್ತೆಯನ್ನೇ ನೋಡಿದರು. ಈಗ ಒಳಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದವರಿಗೆ ನನ್ನ ಎಡಗಾಲಿನ ನೋವು ಕೇಳಿಸಿದೆ. ನಾನು ಅಲ್ಲೇ ಜಲ್ಲಿಯ ಮೇಲೆ ಕುಕ್ಕರಿಸಿ ಜೋರಾಗಿ ಅತ್ತುಬಿಟ್ಟೆ. ಅಳು ಕೇಳಿ ಅವರು ಎದ್ದು ಬಂದರು. ಮೆಟ್ಟಿಲಿಳಿದು, ಕಾಲಡಿಯ ಸದ್ದನ್ನು ಕೇಳಿಸಿಕೊಳ್ಳುತ್ತ, ಒಂದೊಂದೇ ಹೆಜ್ಜೆ, ನೇರ ನನ್ನ ಹತ್ತಿರಕ್ಕೆ ಬಂದು ಕೂತು, ನನ್ನ ಕಾಲು ತೆಗೆದು ತೊಡೆಯ ಮೇಲಿಟ್ಟುಕೊಂಡರು.

ಸ್ವಲ್ಪ ನೀರು ಕೊಡುತ್ತೀರಾ? ಇದನ್ನೆಲ್ಲ ಹೇಳಬೇಕೆಂದು ಬಂದವಳಲ್ಲ ನಾನು. ಮಗಳು ಬರೆದುಕೊಟ್ಟದ್ದರಲ್ಲಿ ಇದ್ಯಾವುದೂ ಇಲ್ಲ. ಯಜಮಾನರೂ ಈ ಸಭೆಯಲ್ಲೇ ಇದ್ದಾರೆ, ಇವತ್ತು ಮನೆಯಲ್ಲಿ ನನಗೆ ಕಾದಿದೆ.

ಆ ಸಂಜೆಯ ಮೇಲೆ ಅವರು ನಿಲ್ಲಲಿಲ್ಲ. ಗೇಟಿನವರೆಗೆ ಹೋದರು, ಅಂಗಡಿಗೆ ಬಂದರು. ಯಾವ ಜಲ್ಲಿ ಕಾಲಡಿಯಲ್ಲಿ ಏನು ಸದ್ದು ಮಾಡುತ್ತದೆ ಎಂದು ರಾಶಿ ರಾಶಿ ಹತ್ತಿ ಇಳಿದು, ನನ್ನ ವ್ಯಾಪಾರ ಅರ್ಧ ದಿನ ನಿಲ್ಲಿಸಿ ಆಟವಾಡಿದರು. ಅದೇ ಸಮಯಕ್ಕೆ ನಮ್ಮ ದೊಡ್ಡ ಮೇಡಂ ಶಾಲೆಯ ಅಂಗಳದ ಕೆಸರಿಗೆ ಹಾಕಲು ಜಲ್ಲಿ ಕೇಳಿಕೊಂಡು ಬಂದದ್ದು. ಯಾವ ಶಾಲೆ ಎಂದು ಕೇಳಿದ ಯಜಮಾನರು, ಹಾಗೆ ಒಂದೇ ಥರದ್ದು ಸುರಿಯಬೇಡಿ ಮೇಡಂ, ಮಕ್ಕಳನ್ನು ಕೇಳಿ ಹಾಕೋಣ ಎಂದರು. ಮೇಡಂ ಅವರಿಗೆ ಆಗ ನಗು ಬಂದಿತ್ತು. ಆದರೂ ಒಪ್ಪಿದರು. ಮಕ್ಕಳು ಒಂದೊಂದು ಜಾತಿಯ ಮೇಲೂ ನಡೆದು, ಕುಣಿದು, ಜಗಳವಾಡಿ ತೀರ್ಮಾನ ಕೊಟ್ಟರು. ಅವರು ಹೇಳಿದ ಹಾಗೆಯೇ ಇವತ್ತಿಗೂ ಇದೆ. ಮಲಗುವ ಮನೆಯಿಂದ ತರಗತಿಗೆ ಬೇಬಿ ಜಲ್ಲಿ, ಸರಸರ ಎನ್ನುತ್ತದೆ. ಊಟದ ಮನೆಯ ದಾರಿಗೆ ಅದಕ್ಕಿಂತ ದೊಡ್ಡದು, ಕರಕರ ಎನ್ನುತ್ತದೆ. ಗೇಟಿನ ಹತ್ತಿರ ಮುಷ್ಟಿ ಗಾತ್ರದ ದಪ್ಪ ಜಲ್ಲಿ, ಅದರ ಮೇಲೆ ಕಾಲಿಟ್ಟರೆ ಮುಗ್ಗರಿಸಲೇಬೇಕು. ಮುಂದೆ ರಸ್ತೆ, ನಿಲ್ಲು ಎಂದು ಅದರ ಅರ್ಥ. ಸಾರ್, ನೀವು ಮುಗ್ಗರಿಸಿದ್ದು ಅಲ್ಲೇ. ಜಲ್ಲಿ ತನ್ನ ಕೆಲಸ ಸರಿಯಾಗಿ ಮಾಡುತ್ತಿದೆ ಎಂದಾಯಿತು.

ಬೀಳುವುದಿಲ್ಲವೇ ಎಂದರೆ, ಬೀಳುತ್ತಾರೆ. ಮೊಣಕಾಲು ತರಚುತ್ತದೆ. ಔಷಧಿ ಹಚ್ಚುವ ನರ್ಸಮ್ಮ ನನ್ನನ್ನು ಕಂಡಾಗಲೆಲ್ಲ ದುರುಗುಟ್ಟಿ ನೋಡುತ್ತಾರೆ, ಈಗಲೂ ನೋಡುತ್ತಿದ್ದಾರೆ. ಆದರೆ ನಾನು ಸಭಿಕರನ್ನು ಒಂದು ಮಾತು ಕೇಳುತ್ತೇನೆ. ಕಣ್ಣು ಕಾಣದ ಮಕ್ಕಳು ಓಡುವುದನ್ನು ನೀವು ಎಲ್ಲಾದರೂ ನೋಡಿದ್ದೀರಾ? ನಾನು ನೋಡಿರಲಿಲ್ಲ. ಈ ಕಟ್ಟಡದ ಜಗಲಿ ನುಣ್ಣಗಿದೆ, ಅಲ್ಲಿ ಇದೇ ಮಕ್ಕಳನ್ನು ನೋಡಿ. ಒಂದು ಕೈ ಗೋಡೆಗೆ, ಒಂದು ಕೈ ಎದುರಿಗೆ, ಮುದುಕರ ಹಾಗೆ ಬಗ್ಗಿ ನಡೆಯುತ್ತಾರೆ. ಎದುರಿಗೆ ಇನ್ನೊಂದು ಮಗು ಬಂದರೆ ಡಿಕ್ಕಿ ಹೊಡೆದ ಮೇಲೇ ತಿಳಿಯುವುದು. ಬಿಡುವಿನ ಗಂಟೆ ಹೊಡೆದು ಅಂಗಳಕ್ಕೆ ಇಳಿದರೋ, ಬೆನ್ನು ನೆಟ್ಟಗಾಗುತ್ತದೆ, ಕೈ ಕೆಳಗಿಳಿಯುತ್ತದೆ, ಓಟ ಶುರು. ತನ್ನ ಕಾಲು ಯಾವ ದಾರಿಯಲ್ಲಿದೆ ಎಂದು ಜಲ್ಲಿ ಹೇಳುತ್ತದೆ, ಎದುರಿನಿಂದ ಯಾರು ಬರುತ್ತಿದ್ದಾರೆ ಎಂದೂ ಹೇಳುತ್ತದೆ. ಅಟ್ಟಿಸಿಕೊಂಡು ಹೋಗುತ್ತಾರೆ, ತಪ್ಪಿಸಿಕೊಳ್ಳುತ್ತಾರೆ. ಇಲ್ಲೊಬ್ಬಳು ಹುಡುಗಿ ಇದ್ದಾಳೆ. ಬಂದ ಹೊಸದರಲ್ಲಿ ಎಷ್ಟು ನಿಧಾನವಾಗಿ ನಡೆಯುತ್ತಿದ್ದಳೆಂದರೆ ಮಕ್ಕಳು ಅವಳಿಗೆ ಆಮೆಮರಿ ಎಂದು ಹೆಸರಿಟ್ಟರು. ಹೋದ ತಿಂಗಳು ಅವಳ ತಾಯಿ ನೋಡಲು ಬಂದವರು ಗೇಟಿನ ಬಳಿ ನನ್ನ ಲಾರಿಯ ಪಕ್ಕ ನಿಂತು ಕೇಳಿದರು, "ಅಷ್ಟು ಜೋರಾಗಿ ಓಡ್ತಿದೆಯಲ್ಲ, ಯಾರ ಮಗು ಅದು?" ನಿಮ್ಮದೇ ಮಗು, ತಾಯಿ ಎಂದೆ. ಅವರು ಕೈಯಲ್ಲಿದ್ದ ಬುತ್ತಿಯ ಡಬ್ಬಿ ನೆಲಕ್ಕಿಟ್ಟು, ಬಹಳ ಹೊತ್ತು ಮಗಳನ್ನು ಕರೆಯಲೇ ಇಲ್ಲ, ನೋಡುತ್ತ ನಿಂತಿದ್ದರು.

ದೂರದ ಬೆಟ್ಟ ನುಣ್ಣಗೆ ಎನ್ನುತ್ತೇವೆ. ಕಣ್ಣಿರುವ ನಮಗೆ ಎಲ್ಲವೂ ಒಂದಿಷ್ಟು ದೂರವೇ. ನುಣುಪು ಕಂಡರೆ ಸುಖ ಕಂಡ ಹಾಗೆ. ಈ ಮಕ್ಕಳು ಬೆಟ್ಟವನ್ನು ಕಾಲಿನಿಂದ ಮುಟ್ಟಿಯೇ ತಿಳಿಯಬೇಕು.

ಹಾಗೆಂದು ನಾನು ಟೈಲ್ಸಿನ ವೈರಿಯಲ್ಲ. ಮೊಸರಲ್ಲಿ ಕಲ್ಲು ಹುಡುಕುವವಳು ಎಂದು ಯಾರೂ ಅನ್ನಬಾರದು, ಕಲ್ಲಿನಲ್ಲಿಯೂ ಮೊಸರು ಹುಡುಕುತ್ತೇನೆ. ಸಾರ್, ಊಟದ ಮನೆಯ ನೆಲ ಕಿತ್ತುಹೋಗಿದೆ, ಚೆಲ್ಲಿದ ಸಾರು ಸಂದಿಯಲ್ಲಿ ನಿಂತು ನೊಣ ಮುತ್ತುತ್ತದೆ. ಅಲ್ಲಿಗೆ ನಿಮ್ಮ ಟೈಲ್ಸ್ ಬೇಕೇ ಬೇಕು, ಜಾರದ ಜಾತಿಯದು. ಇನ್ನೊಂದು ಮಾತು, ಇದು ನನಗೆ ತಾನಾಗಿ ಹೊಳೆದದ್ದಲ್ಲ, ನಿಮ್ಮ ಘೋಷಣೆ ಕೇಳಿದಾಗ ಹೊಳೆಯಿತು. ಎರಡನೆಯ ಸಾಲಿನ ತುದಿಯಲ್ಲಿ ಗಾಲಿಕುರ್ಚಿಯಲ್ಲಿ ಕೂತಿರುವ ಹುಡುಗನಿಗೆ ಕಣ್ಣೂ ಇಲ್ಲ, ಕಾಲೂ ನಡೆಯುವುದಿಲ್ಲ. ಜಲ್ಲಿಯಲ್ಲಿ ಅವನ ಗಾಲಿ ಹೂತುಕೊಳ್ಳುತ್ತದೆ. ಇಷ್ಟು ವರ್ಷ ಅವನನ್ನು ಎತ್ತಿಕೊಂಡೇ ಓಡಾಡಿಸಿದ್ದೇವೆ, ಅವನಿಗೆ ಒಂದು ದಾರಿ ಬೇಕೆಂದು ನಮಗ್ಯಾರಿಗೂ ತೋಚಲಿಲ್ಲ. ಅದು ನಿಮ್ಮಿಂದ ತೋಚಿತು. ಜಲ್ಲಿಯ ದಾರಿಯ ಪಕ್ಕದಲ್ಲೇ ಒಂದು ಗಾಲಿಕುರ್ಚಿಯ ಅಗಲಕ್ಕೆ ಟೈಲ್ಸ್ ಹಾಸಿಸಿಕೊಡಿ. ಗಾಲಿ ಅಂಚು ದಾಟಿದರೆ ಜಲ್ಲಿ ಅವನಿಗೂ ಹೇಳುತ್ತದೆ. ಅವನೂ ಒಬ್ಬನೇ ತರಗತಿಗೆ ಬರಲಿ. ಉಳಿದ ಅಂಗಳ ಹೀಗೇ ಇರಲಿ. ಛಾವಣಿಯ ಮಾತು ಕೊಟ್ಟಿದ್ದೀರಿ, ಅದನ್ನು ನಾನು ಮುಟ್ಟುವುದಿಲ್ಲ, ಮುಟ್ಟಿದರೆ ಮೇಡಂ ನನ್ನನ್ನು ಉಳಿಸುವುದಿಲ್ಲ.

ಆಮೇಲೆ ಯೋಚಿಸೋಣ ಎನ್ನಬೇಡಿ, ಸಾರ್. ಮಕ್ಕಳು ಇವತ್ತು ರಾತ್ರಿ ನಿದ್ದೆ ಮಾಡಬೇಕು.

ತಲೆಯಾಡಿಸಿದಿರಿ. ನಾನು ನೋಡಿದೆ, ಬಹಳ ಸಂತೋಷವಾಯಿತು. ಆದರೆ ಈ ಶಾಲೆಯಲ್ಲಿ ತಲೆಯಾಡಿಸಿದರೆ ನಡೆಯುವುದಿಲ್ಲ, ಬಾಯಿಬಿಟ್ಟು ಹೇಳಬೇಕು. ಮೈಕಿನ ಅಣ್ಣಾ, ಮೈಕನ್ನು ಅವರ ಕಡೆ ತಿರುಗಿಸಿ. ಇನ್ನೂ ಸ್ವಲ್ಪ ಹತ್ತಿರ.

ಹಿಂದಿನ ಸಾಲಿನವರಿಗೆ ಕೇಳಿಸಲಿಲ್ಲವಂತೆ ಸಾರ್, ಇನ್ನೊಂದು ಸಲ.

ಕೇಳಿಸಿತೇ ಮಕ್ಕಳೇ? ಅವರ ದನಿ ಯಾಕೆ ಹಾಗಿತ್ತು ಎಂದು ಕೇಳಬೇಡಿ, ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದಾರೆ. ಹೌದು ಎಂದರು. ಗಾಲಿಕುರ್ಚಿಯ ದಾರಿ ಮೊದಲು ಎಂದರು.

ಈಗ ನನಗೆ ವಹಿಸಿದ ಕೆಲಸ. ದೊಡ್ಡ ಮನಸ್ಸಿನ ಮುಖ್ಯ ಅತಿಥಿಗಳಿಗೆ, ಹೊಟ್ಟೆ ಹಸಿದರೂ ಎದ್ದು ಹೋಗದ ಅಧ್ಯಕ್ಷರಿಗೆ, ಕೆಮ್ಮು ನಿಲ್ಲಿಸಿದ ಮೇಡಂ ಅವರಿಗೆ, ಶಿಕ್ಷಕರಿಗೆ, ನರ್ಸಮ್ಮನಿಗೆ, ಅಡುಗೆಯವರಿಗೆ, ಮೈಕಿನವರಿಗೆ ವಂದನೆಗಳು. ತಾನು ಮಾಡಿದ್ದನ್ನು ತಾನೇ ಒಡೆದ ನನ್ನ ಅಣ್ಣನಿಗೆ ವಂದನೆಗಳು. ಕೊನೆಯ ಸಾಲಿನಲ್ಲಿ ಕೂತಿರುವ ನಮ್ಮ ಯಜಮಾನರಿಗೆ ನಾನು ಇದುವರೆಗೆ ಧನ್ಯವಾದ ಎಂಬ ಮಾತು ಹೇಳಿದವಳಲ್ಲ, ಮನೆಯಲ್ಲಿ ಹೇಳಿದರೆ ನಗುತ್ತಾರೆ. ಮೈಕಿನಲ್ಲಿ ಹೇಳಿದರೆ ನಗುವಂತಿಲ್ಲ. ಧನ್ಯವಾದ, ರೀ.

ಹಿರಿಯರೆಲ್ಲ ದಯವಿಟ್ಟು ಕೂತಲ್ಲೇ ಒಂದು ಗಳಿಗೆ ಸುಮ್ಮನಿರಿ. ಯಾರೂ ಏಳಬೇಡಿ, ಕುರ್ಚಿ ಸರಿಸಬೇಡಿ. ಬಾಗಿಲ ಹತ್ತಿರ ಇರುವವರು ಬಾಗಿಲು ಪೂರ್ತಿ ತೆಗೆಯಿರಿ. ಮಕ್ಕಳೇ, ನೀವು ಮೊದಲು. ಹೊರಗೆ ಬಿಸಿಲು ಇಳಿದಿದೆ, ಊಟಕ್ಕೆ ಇನ್ನೂ ಹೊತ್ತಿದೆ. ಹೋಗಿ, ಓಡಿ. ಇವರೆಲ್ಲ ಕೇಳಿಸಿಕೊಳ್ಳಲಿ.

ನಮಸ್ಕಾರ.